ಧೂಳಿಲ್ಲದ ಫ್ಯಾನು

ನನ್ನ ತಮ್ಮನ ಅಂಗಡಿಗೆ ಯಾರೇ ಬರಲಿ, ಅವನ ಮೊದಲ ಮಾತು ಒಂದೇ: "ಏನಾಗಿದೆ?" ಬಂದವರ ಮುಖ ನೋಡಿ ಕೇಳುವುದಿಲ್ಲ, ಅವರ ಕೈಯಲ್ಲಿರುವ ಲ್ಯಾಪ್‌ಟಾಪ್ ನೋಡಿ ಕೇಳುತ್ತಾನೆ. ಬನ್ನಿ, ಕೂತ್ಕೊಳ್ಳಿ, ಬಿಸಿಲು ಜಾಸ್ತಿಯಾಯಿತಲ್ಲ ಎಂಬ ಉಪಚಾರವೆಲ್ಲ ನನ್ನ ಪಾಲಿನದು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಯುಷ್ಯ ಕಳೆದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಇವನ ಅಂಗಡಿಯಲ್ಲಿ ಕೂತು ಜನರನ್ನು ನೋಡುವುದು ವಾಸಿ ಎಂದು ಬಂದೆ. ಬಂದವರನ್ನು ಮಾತಾಡಿಸುವುದು, ಫೋನ್ ಎತ್ತುವುದು, "ನಿನ್ನೆಯೇ ಕೊಡ್ತೀನಿ ಅಂದಿದ್ರಲ್ಲ" ಎಂದು ರೇಗುವವರಿಗೆ ತಿರುಗಿ ರೇಗುವುದು, ಇಷ್ಟು ನನ್ನ ಇಲಾಖೆ. ಬಿಚ್ಚುವುದು, ಮುಚ್ಚುವುದು ಅವನದು.

ಅಂಗಡಿ ಎಂದರೆ ಉದ್ದನೆಯ ಒಂದೇ ಕೋಣೆ. ಒಂದು ಪಕ್ಕ ಬೀಗದ ಕೈ ಮಾಡುವವನು, ಇನ್ನೊಂದು ಪಕ್ಕ ಜೆರಾಕ್ಸ್ ಅಂಗಡಿ. ಒಬ್ಬನ ಕಿರ್ರ್ ಸದ್ದು, ಇನ್ನೊಬ್ಬನ ಗುಂಯ್ ಸದ್ದು, ನಡುವೆ ನಮ್ಮದು ಸದ್ದಿಲ್ಲದ ಸಂಸಾರ. ಹಿಂದುಗಡೆ ಟ್ಯೂಬ್‌ಲೈಟಿನ ಕೆಳಗೆ ಅವನ ಮೇಜು. ಅದರ ಮೇಲೆ ಸ್ಕ್ರೂಗಳು ಉರುಳಿಹೋಗದಂತೆ ಒಂದು ರಬ್ಬರ್ ಹಾಸು, ಚಿಮಟ, ಬಣ್ಣ ಬಳಿಯುವ ಬ್ರಷ್ಷು. ಮೇಜಿನ ಬಲಗಡೆ ಒಂದು ಡ್ರಾಯರು. ಲ್ಯಾಪ್‌ಟಾಪಿನೊಳಗಿನ ಫ್ಯಾನಿನ ಸದ್ದು ಕೇಳಿಯೇ ಅದಕ್ಕೆ ಇನ್ನೆಷ್ಟು ದಿನ ಆಯುಷ್ಯ ಎಂದು ಅವನು ಹೇಳಬಲ್ಲ. ಆದರೆ "ಊಟಕ್ಕೆ ಏಳ್ತೀಯೇನೋ" ಎಂದು ಕೇಳಿದರೆ, ಕೈಯಲ್ಲಿರುವ ಸ್ಕ್ರೂ ಪೂರ್ತಿ ಕೂರುವ ತನಕ ಉತ್ತರ ಬರುವುದಿಲ್ಲ. ಅಷ್ಟರಲ್ಲಿ ನನ್ನ ಹಸಿವೇ ಸತ್ತಿರುತ್ತದೆ.

ಇಂಥವನಿಗೂ ಒಬ್ಬ ಹೆಂಡತಿ ಇದ್ದಳು ಎಂದರೆ ಈಗಿನ ಗಿರಾಕಿಗಳು ನಂಬುವುದಿಲ್ಲ. ಇದ್ದಳು. ಮನೆ ಕಟ್ಟಿಸುವವರಿಗೆ ನಕ್ಷೆ ಬರೆದುಕೊಡುವವಳು. ಉದ್ದಕ್ಕೆ, ನೆಟ್ಟಗೆ, ಯಾರ ಮುಂದೆಯೂ ಬಾಗದೆ ನಡೆಯುತ್ತಿದ್ದಳು. ಮನೆಗೆ ಬಂದ ಮೊದಲ ದಿನವೇ ನಾನು ಅವಳಿಗೆ ಸ್ಕೇಲು ಎಂದು ಹೆಸರಿಟ್ಟೆ.

"ಸ್ಕೇಲಲ್ಲಿ ಗೆರೆ ಎಳೆಯೋದಷ್ಟೇ ಅಲ್ಲ ಅಕ್ಕ, ಹೊಡೆಯೋದಕ್ಕೂ ಆಗುತ್ತೆ. ಹುಷಾರು," ಅಂದಳು.

ಆ ಕ್ಷಣಕ್ಕೇ ಅವಳು ನನಗೆ ಹಿಡಿಸಿಬಿಟ್ಟಳು. ಅಡುಗೆಮನೆಯಲ್ಲಿ ನಾವಿಬ್ಬರು ಸೇರಿದರೆ ಪಾತ್ರೆಗಳಿಗಿಂತ ನಮ್ಮ ಸದ್ದೇ ಜಾಸ್ತಿ. ನಾವು ಹೊಟ್ಟೆ ಹುಣ್ಣಾಗುವಂತೆ ನಗುವಾಗ ಇವನು ಬಾಗಿಲ ತನಕ ಬಂದು ನಿಂತು ನೋಡಿ, ಒಂದು ಮಾತೂ ಆಡದೆ ವಾಪಸ್ಸು ಹೋಗುತ್ತಿದ್ದ. ಅದು ಅವನು ನಗುವ ರೀತಿ. ನನಗೆ ಅದು ಗೊತ್ತಿತ್ತು, ಅವಳಿಗೂ ಶುರುವಿನಲ್ಲಿ ಗೊತ್ತಿತ್ತು.

ಅವಳ ಹತ್ತಿರ ಒಂದು ಲ್ಯಾಪ್‌ಟಾಪ್ ಇತ್ತು, ಅವರಿಬ್ಬರೂ ಸೇರಿ ಕೊಂಡ ಮೊದಲ ವಸ್ತು. ಕಪ್ಪನೆಯದು, ಇಟ್ಟಿಗೆಯಂಥ ಭಾರ. ಮುಚ್ಚಳದ ಮೇಲೆ ಅವಳ ಕೈವಾರದ ಮೊನೆ ತಾಗಿ ಆದ ಒಂದು ಗೀರು. ಸಂಜೆ ಊಟದ ಮೇಜಿನ ಒಂದು ತುದಿಯಲ್ಲಿ ಅವಳು ಅದನ್ನು ತೆರೆದು ಯಾರದೋ ಮನೆಯ ಗೋಡೆಗಳನ್ನು ಎಳೆಯುತ್ತ ಕೂರುವಳು. ಇನ್ನೊಂದು ತುದಿಯಲ್ಲಿ ಇವನು ಇನ್ನಾರದೋ ಲ್ಯಾಪ್‌ಟಾಪಿನ ಹೊಟ್ಟೆ ಬಗೆದುಕೊಂಡು ಕೂರುವನು. ನಡುವೆ ತಟ್ಟೆಗಳು, ಸ್ಕ್ರೂಗಳು. ಒಂದು ಸಲ ನನ್ನ ಅನ್ನದಲ್ಲೇ ಸ್ಕ್ರೂ ಸಿಕ್ಕಿತ್ತು.

"ಈ ಕೋಣೆಗೆ ಕಿಟಕಿ ಈ ಕಡೆ ಇಡ್ಲಾ, ಆ ಕಡೆ ಇಡ್ಲಾ?" ಎಂದು ಅವಳು ಕೇಳುವಳು. ಇವನ ಉತ್ತರ ಬರುವ ಹೊತ್ತಿಗೆ ಆ ಮನೆ ಕಟ್ಟಿ ಮುಗಿದು ಜನ ವಾಸ ಮಾಡಲು ಶುರು ಮಾಡಿರುತ್ತಿದ್ದರು. ಮೊದಮೊದಲು ಇದೇ ನಮಗೆ ದೊಡ್ಡ ತಮಾಷೆ. ಆಮೇಲೆ ತಮಾಷೆ ಹಳಸಿತು. ಅವಳು ಹೊಸ ಸೀರೆ ಉಟ್ಟು ಎದುರಿಗೆ ನಿಂತರೂ ಇವನ ಕಣ್ಣು ಯಾವುದೋ ಲ್ಯಾಪ್‌ಟಾಪಿನ ಬೋರ್ಡಿನ ಮೇಲೆ. ಅದೇ ಅವಳ ಕೈಯಲ್ಲಿ ಚಾರ್ಜರ್ ಸುಟ್ಟುಹೋಗಿದೆ ಅನ್ನಿ, ಎದ್ದು ಓಡಿ ಬರುವನು. ಕೆಟ್ಟದ್ದರ ಮೇಲೆ ಇವನಿಗಿರುವ ಅಕ್ಕರೆ ನೆಟ್ಟಗಿರುವುದರ ಮೇಲಿಲ್ಲ.

ಒಂದು ಸಂಜೆ ಅವಳು ತಟ್ಟೆ ಪಕ್ಕಕ್ಕೆ ಸರಿಸಿ ಹೇಳಿದಳು: "ನಾನೂ ಕೆಟ್ಟು ಕೂತಿದ್ರೆ ನನ್ನ ಕಡೆ ನೋಡ್ತಿದ್ದೆಯೇನೋ. ಚೆನ್ನಾಗಿದೀನಲ್ಲ, ಅದೇ ನನ್ನ ತಪ್ಪು."

ಇವನ ಕೈಯಲ್ಲಿ ಚಿಮಟ ಇತ್ತು. ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ವಯರು. ಬಿಟ್ಟರೆ ಎಲ್ಲಿ ಹಾರಿಹೋಗುತ್ತಿತ್ತೋ. ಬಿಡಲಿಲ್ಲ. ಅದನ್ನು ಕೂರಿಸಿ, ಬೆಸುಗೆ ಹಾಕಿ, ಊದಿ, ತಲೆ ಎತ್ತುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು. ಕೂಗಾಟವಿಲ್ಲ, ಅಳುವಿಲ್ಲ. ನಾಲ್ಕು ತಟ್ಟೆ ಒಡೆದಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಒಡೆದ ತಟ್ಟೆಯನ್ನಾದರೂ ಇವನು ಎತ್ತಿ ನೋಡುತ್ತಿದ್ದ.

ಆಮೇಲೆ ಇಬ್ಬರೂ ಸೇರಿ ಒಂದು ಕಾಗದಕ್ಕೆ ಸಹಿ ಹಾಕಿದರು. ಅದರಲ್ಲಿ ನನ್ನ ಸಹಿಗೆ ಜಾಗ ಇರಲಿಲ್ಲ. ಗಂಡ ಹೆಂಡತಿ ಬೇರೆಯಾಗುವುದಕ್ಕೆ ಕಾನೂನಿದೆ, ಕಚೇರಿಯಿದೆ. ಅತ್ತಿಗೆ ನಾದಿನಿಯರು ಬೇರೆಯಾಗುವುದಕ್ಕೆ ಏನೂ ಇಲ್ಲ; ಅವರನ್ನು ಯಾರೂ ಒಂದು ಮಾತು ಕೇಳುವುದೂ ಇಲ್ಲ. ನನಗೂ ಅವಳು ಬೇಕಿತ್ತು. ಇದನ್ನು ಯಾರ ಮುಂದೆ ಹೇಳಲಿ?

ಸಾಮಾನು ಹಂಚಿಕೊಳ್ಳುವಾಗ ಜಗಳವೇ ಆಗಲಿಲ್ಲ, ಆ ಲ್ಯಾಪ್‌ಟಾಪ್ ಬರುವ ತನಕ. ಅಲ್ಲಿ ಮಾತ್ರ ಇಬ್ಬರೂ ಹಟಕ್ಕೆ ಬಿದ್ದರು. "ನೀನು ಇಟ್ಕೋ" ಎಂದು ಇವನು, "ನೀನೇ ಇಟ್ಕೋ" ಎಂದು ಅವಳು. ಕೊನೆಗೆ ನಕ್ಷೆ ಬರೆಯಲು ಬೇಕಾಗುತ್ತದೆ ಎಂದು ಅವಳ ಚೀಲಕ್ಕೆ ಹೋಯಿತು. ಅವಳು ಹೊಸ್ತಿಲು ದಾಟುವಾಗ ಇವನು ಆ ಇಡೀ ವಾರದಲ್ಲಿ ಆಡಿದ ಅತಿ ಉದ್ದದ ಮಾತು ಆಡಿದ: "ಕೆಟ್ರೆ ತಗೊಂಡು ಬಾ. ಬೇರೆ ಎಲ್ಲೂ ಕೊಡ್ಬೇಡ."

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿ ಮನೆ ಬಿಟ್ಟು ಹೋಗುತ್ತಿದ್ದಾಳೆ, ಇವನು ವಾರಂಟಿ ಕೊಡುತ್ತಿದ್ದಾನೆ!

ಅವಳು ಹೋದದ್ದು ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ತಲುಪುವ ಊರಿಗೆ. ಇನ್ನು ಇವಳ ಮುಖ ಕಾಣುವುದು ಅಷ್ಟೇ ಸೈ ಎಂದುಕೊಂಡಿದ್ದೆ. ಆದರೆ ವರ್ಷ ತುಂಬುವ ಮೊದಲೇ ಅಂಗಡಿಗೆ ಫೋನ್ ಬಂತು. "ಅಕ್ಕ, ಶನಿವಾರ ಬರ್ಲಾ? ಅದು ತೊಂದರೆ ಕೊಡ್ತಿದೆ."

ಶನಿವಾರ ಬಂದಳು. ಇವನು ತಲೆ ಎತ್ತದೆ "ಏನಾಗಿದೆ?" ಅಂದ.

"ತುಂಬಾ ನಿಧಾನ ಆಗಿದೆ. ಒಂದು ಗೆರೆ ಎಳೆದ್ರೆ ಕಾಣಿಸ್ಕೊಳ್ಳೋದಕ್ಕೆ ಇನ್ನೊಂದು ಗಂಟೆ."

"ರ‍್ಯಾಮ್ ಸಾಲ್ತಿಲ್ಲ. ಹಾಕ್ಕೊಡ್ತೀನಿ. ನೀವು ಕೂತ್ಕೊಳ್ಳಿ."

ನೀವು! ನಾನು ಎದೆ ಎದೆ ಬಡಿದುಕೊಳ್ಳುವುದೊಂದು ಬಾಕಿ. ಅವಳೂ "ಹೂಂ, ನೋಡಿ" ಅಂದಳು. ಒಂದೇ ತಟ್ಟೆಯಲ್ಲಿ ಉಂಡವರು ಗಿರಾಕಿ, ಅಂಗಡಿಯವನ ಹಾಗೆ ಗಲ್ಲಾದ ಆಚೆಗೊಬ್ಬರು ಈಚೆಗೊಬ್ಬರು ನಿಂತರು.

ಇಲ್ಲಿ ಒಂದು ವಿಷಯ ಹೇಳಬೇಕು. ಹಳೆಯ ಲ್ಯಾಪ್‌ಟಾಪ್ ತಂದವರಿಗೆಲ್ಲ ಇವನು ಹೇಳುವ ಪಾಠ ಒಂದಿದೆ: "ಹಾಕಿಸೋದಾದ್ರೆ ಎಲ್ಲಾ ಒಂದೇ ಸಲ ಹಾಕಿಸಿ. ರ‍್ಯಾಮ್, ಹೊಸ ಡಿಸ್ಕ್, ಬ್ಯಾಟರಿ, ಎಲ್ಲಾ. ಇನ್ನೂ ನಾಲ್ಕೈದು ವರ್ಷ ಆರಾಮಾಗಿ ಓಡುತ್ತೆ. ಸುಮ್ಸುಮ್ನೆ ಬಿಚ್ಚಿ ಮುಚ್ಚಿ ಮಾಡಿದ್ರೆ ಸ್ಕ್ರೂ ತೂತು ಸವೆದುಹೋಗುತ್ತೆ." ಈ ಪಾಠ ಕೇಳಿ ಕೇಳಿ ನನಗೆ ಬಾಯಿಪಾಠ. ಆ ಶನಿವಾರ ಇವನು ಅವಳ ಲ್ಯಾಪ್‌ಟಾಪ್ ಬೋರಲು ಹಾಕಿ ಬಿಚ್ಚಿದ. ರ‍್ಯಾಮ್ ಹಾಕುವುದಕ್ಕೆ ಅದರಲ್ಲಿ ಎರಡು ಜಾಗ. ಡ್ರಾಯರಿನಲ್ಲಿ ಬೇಕಾದಷ್ಟು ರ‍್ಯಾಮ್. ಇವನು ಒಂದನ್ನು ಬದಲಿಸಿದ, ಇನ್ನೊಂದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಯೋಚಿಸಿ, ಹಾಗೇ ಬಿಟ್ಟು ಮುಚ್ಚಿದ.

ನಾನು ಕಣ್ಣರಳಿಸಿ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ.

ಮುಂದಿನ ವರ್ಷ ಅವಳು ಬಂದಾಗ ಆ ಎರಡನೆಯ ಜಾಗ ತುಂಬಿತು. ಅದರ ಮುಂದಿನ ಸಲ ಬ್ಯಾಟರಿ. ಆಮೇಲೆ ಒಳಗೆ ಕರಕರ ಎನ್ನುತ್ತಿದ್ದ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ಹೊಸ ಥರದ ಡಿಸ್ಕ್ ಹಾಕಿದ. ಮೊದಲು ಅದು ಶುರುವಾಗುವಷ್ಟರಲ್ಲಿ ಟೀ ಮಾಡಿ ಕುಡಿದು ಲೋಟ ತೊಳೆದಿಡಬಹುದಿತ್ತು, ಈಗ ಗುಂಡಿ ಒತ್ತಿ ಕೈ ತೆಗೆಯುವಷ್ಟರಲ್ಲಿ ಎದ್ದು ಕೂರುತ್ತಿತ್ತು. ಒಂದು ಸಲ ಕೀಬೋರ್ಡು. ಒಂದು ಸಲ ಸಿಡಿ ಹಾಕುವ ಜಾಗ ಕಿತ್ತು ಅಲ್ಲಿ ಇನ್ನೊಂದು ಡಿಸ್ಕ್. ಅವಳು ಕೆಲವು ಸಲ ಎರಡು ವರ್ಷಕ್ಕೂ ಬಂದದ್ದಿದೆ, ಒಮ್ಮೆ ಆರು ತಿಂಗಳಿಗೇ ಬಂದಳು. ಒಂದು ಗಂಟೆಯ ಕೆಲಸವನ್ನು ಇವನು ಸಂಜೆಯ ಬಸ್ಸಿನ ಹೊತ್ತಿನವರೆಗೆ ಎಳೆಯುತ್ತಿದ್ದ. ಅಷ್ಟು ನಿಧಾನಕ್ಕೆ ಬೇರೆ ಗಿರಾಕಿಯಾಗಿದ್ದರೆ ಅಂಗಡಿಗೇ ಬೆಂಕಿ ಇಡುತ್ತಿದ್ದ. ಅವಳು ಸ್ಟೂಲಿನ ಮೇಲೆ ನೆಟ್ಟಗೆ ಕೂತು ಕಾಯುವಳು.

ಆ ಸ್ಟೂಲಿನ ಪಕ್ಕ ಕುರ್ಚಿ ಎಳೆದುಕೊಂಡು ನಾನು ಕೂರುತ್ತಿದ್ದೆ. ಅವಳ ಮನೆಯ ಮಾಲಕಿಯ ಬೆಕ್ಕು, ನನ್ನ ಮಂಡಿ ನೋವು, ಅವಳಿಗೆ ಬಂದ ಚಾಳೀಸು, ನೆತ್ತಿಯ ಬಿಳಿ ಕೂದಲು, ಎಲ್ಲ ಮಾತಾಡುತ್ತಿದ್ದೆವು. ಒಂದನ್ನು ಬಿಟ್ಟು. ಮಾತಾಡುತ್ತಲೇ ಅವಳ ಕಣ್ಣು ಇವನ ಕೈ ಮೇಲೆ ಹೋಗುತ್ತಿತ್ತು. ಸ್ಕ್ರೂ ತಿರುಗಿಸುವ ಆ ಕೈ ಗಡಿಬಿಡಿ ಮಾಡುತ್ತಿರಲಿಲ್ಲ, ಯಾವುದನ್ನೂ ಎಳೆದಾಡುತ್ತಿರಲಿಲ್ಲ. ಅವಳು ನೋಡುತ್ತಿದ್ದಾಳೆ ಎಂಬುದು ಇವನಿಗೆ ಗೊತ್ತಾಗುತ್ತಿತ್ತು, ಕಿವಿ ಕೆಂಪಗಾಗುತ್ತಿತ್ತು. ಅವಳು ಬರುವ ಶನಿವಾರ ಇವನ ಗಡ್ಡ ಬೋಳಿಸಿರುತ್ತಿತ್ತು, ಅಂಗಿಗೆ ಇಸ್ತ್ರಿ ಬಿದ್ದಿರುತ್ತಿತ್ತು. ಫೋನ್ ಎತ್ತಿದವಳು ನಾನು, ಸುದ್ದಿ ಹೇಳದೆ ಸತಾಯಿಸಿದ್ದೂ ಉಂಟು. "ಯಾರದು ಫೋನು?" ಎಂದು ಇವನು ಕೇಳುತ್ತಿದ್ದದ್ದು ಆಗ ಮಾತ್ರ.

ಹೀಗೇ ನಡೆದುಹೋಗುತ್ತಿತ್ತು, ಆ ಕಂಟ್ರಾಕ್ಟರ್ ಬರದೇ ಇದ್ದಿದ್ದರೆ.

ದಪ್ಪ ಹೊಟ್ಟೆಯ, ದೊಡ್ಡ ಬಾಯಿಯ ಮನುಷ್ಯ. ಮನೆ ಕಟ್ಟಿಸಿ ಮಾರುವವನು. ಹಲಗೆಯಂಥ ಹೊಸ ಲ್ಯಾಪ್‌ಟಾಪಿನ ಮುಚ್ಚಳದ ಕೀಲು ಮುರಿದುಕೊಂಡು ಬಂದಿದ್ದ. ಇದೇಕಪ್ಪ ಇಷ್ಟು ದೊಡ್ಡದು ಎಂದು ನಾನು ಕೇಳಿದೆ.

"ನಕ್ಷೆ ಪ್ರೋಗ್ರಾಮ್ ಓಡಬೇಕಲ್ಲಮ್ಮ! ಈಗಿನದು ಚಿಕ್ಕಪುಟ್ಟ ಮೆಷಿನ್‌ಗೆ ಬಗ್ಗಲ್ಲ."

"ನಮ್ಮವಳೊಬ್ಬಳು ಅದೋ ಅಂಥದ್ರಲ್ಲೇ ಬರೀತಾಳೆ," ಎಂದು ನಾನು ಕಪಾಟಿನಲ್ಲಿದ್ದ ಯಾರದೋ ಹಳೆಯ ಕಪ್ಪು ಲ್ಯಾಪ್‌ಟಾಪ್ ತೋರಿಸಿ ಜಂಬ ಕೊಚ್ಚಿಕೊಂಡೆ. "ನನ್ನ ತಮ್ಮ ಎಲ್ಲಾ ಹೊಸದು ಹಾಕಿ ಕೊಟ್ಟಿದ್ದಾನೆ."

ಅವನು ಹೊಟ್ಟೆ ಕುಣಿಸಿ ನಕ್ಕ. "ಅದ್ರಲ್ಲಾ? ಏನು ಹಾಕಿದ್ರೂ ಅಷ್ಟೇ. ನಕ್ಷೆ ಬರೆಯೋದಿರ್ಲಿ, ಆ ಪ್ರೋಗ್ರಾಮ್ ಇನ್‌ಸ್ಟಾಲೇ ಆಗಲ್ಲ. ನಿಮ್ಮವರ ಹತ್ರ ಇನ್ನೊಂದು ಇರುತ್ತೆ ಬಿಡಿ."

ಅವನು ಹೋದ ಮೇಲೆ ನಾನು ಸುಮ್ಮನೆ ಕೂರುವ ಪೈಕಿಯೇ? ಮೇಜಿನ ಹತ್ತಿರ ಹೋಗಿ ನಿಂತೆ. "ಲೋ, ಕೇಳಿಸ್ತಾ? ಸ್ಕೇಲು ಹತ್ರ ಬೇರೆ ಲ್ಯಾಪ್‌ಟಾಪ್ ಇದೆಯಂತೆ."

"ಗೊತ್ತು," ಅಂದ.

"ಏನು ಗೊತ್ತು?"

ಸ್ಕ್ರೂ ಪೂರ್ತಿ ಕೂತಿತು. ಆಮೇಲೆ ಹೇಳಿದ: "ಫ್ಯಾನಲ್ಲಿ ಧೂಳಿಲ್ಲ ಅಕ್ಕ."

ನನಗೆ ತಲೆ ಬುಡ ತಿಳಿಯಲಿಲ್ಲ. ಅವನು ಮೇಜಿನ ಮೇಲಿದ್ದ ಯಾವುದೋ ಲ್ಯಾಪ್‌ಟಾಪಿನ ಹಿಂಬದಿ ತೆರೆದು ತೋರಿಸಿದ. ಫ್ಯಾನಿನ ಬಾಯಿಗೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ದಿನಾ ಓಡುವ ಲ್ಯಾಪ್‌ಟಾಪ್ ವರ್ಷಕ್ಕೆ ಇಷ್ಟು ಧೂಳು ನುಂಗುತ್ತದಂತೆ. ಅವಳದ್ದು ಇವನು ಹೋದ ಸಲ ಒರೆಸಿ ಮುಚ್ಚಿದಾಗ ಹೇಗಿತ್ತೋ ಹಾಗೇ ವಾಪಸ್ಸು ಬರುತ್ತದೆ.

"ಬ್ಯಾಟರಿನೂ ಅಷ್ಟೇ. ನಾನು ಹಾಕಿದ ಹಾಗೇ ಇದೆ."

"ಅಂದ್ರೆ ಅವಳು ಅದನ್ನ ತೆರೆಯೋದೇ ಇಲ್ವಾ?"

"ಇಲ್ಲಿ ಮಾತ್ರ."

"ಯಾವಾಗಿಂದ?"

"ಎಸ್‌ಎಸ್‌ಡಿ ಹಾಕಿದಾಗಿಂದ. ಅದಕ್ಕೂ ಮುಂಚೆಯಿಂದಾನೇ ಇರ್ಬೇಕು."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಕೆಡದ ಲ್ಯಾಪ್‌ಟಾಪನ್ನು ಅವಳು ಅರ್ಧ ದಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದಳು. ಕೆಟ್ಟಿಲ್ಲವೆಂದು ಗೊತ್ತಿದ್ದೂ ಇವನು ಅದನ್ನು ರಿಪೇರಿ ಮಾಡುತ್ತಿದ್ದ. ಇಬ್ಬರ ತಲೆಯನ್ನೂ ಹಿಡಿದು ಢೀ ಕೊಡಿಸಬೇಕು ಅನ್ನಿಸಿತು. ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು, ಏನು ಮಾಡುವುದು.

"ಮತ್ತೆ ಬಾಯಿ ಬಿಟ್ಟು ಕೇಳೋದಕ್ಕೇನು ರೋಗ ನಿನಗೆ?"

"ಕೇಳಿ, ಆಮೇಲೆ ಬರೋದೇ ನಿಲ್ಲಿಸಿಬಿಟ್ರೆ?"

ನನಗೂ ಅದೇ ಹೆದರಿಕೆ ಹತ್ತಿಕೊಂಡಿತು.

ಅವನು ಡ್ರಾಯರ್ ಎಳೆದು, ಮೂಲೆಯಲ್ಲಿದ್ದ ಸಣ್ಣ ಡಬ್ಬಿ ತೆರೆದು ತೋರಿಸಿದ. ಸ್ಪಂಜಿನ ಮೇಲೆ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಚೌಕ. ಪ್ರೊಸೆಸರ್, ಲ್ಯಾಪ್‌ಟಾಪಿನ ಮಿದುಳು. ಅವಳ ಲ್ಯಾಪ್‌ಟಾಪಿನ ಬೋರ್ಡಿಗೆ ಕೂರುವಂಥವುಗಳಲ್ಲಿ ಎಲ್ಲಕ್ಕಿಂತ ಜೋರಾದದ್ದು. ಯಾವುದೋ ಗುಜರಿಯ ಲ್ಯಾಪ್‌ಟಾಪಿನಿಂದ ತೆಗೆದು ವರ್ಷಗಟ್ಟಲೆ ಕಾದಿಟ್ಟಿದ್ದಾನೆ.

"ಇದೊಂದು ಉಳಿದಿದೆ ಅಕ್ಕ. ಇದು ಹಾಕಿದ್ಮೇಲೆ ಆ ಬೋರ್ಡಿಗೆ ಇನ್ನೇನೂ ಹಿಡಿಯಲ್ಲ."

"ಹಾಕ್ಬೇಡ."

"ಹಾಕದೇ ಇದ್ರೆ ಈ ಸಲ ಏನು ಮಾಡಿ ಕಳಿಸ್ಲಿ?"

ಹೋದ ಸಲ ಬರೀ ಒರೆಸಿ ಕೊಟ್ಟಿದ್ದನಂತೆ. ಎರಡನೆಯ ಸಲ ಬರೀ ಒರೆಸಿದರೆ ಅವಳಿಗೇ ನಾಚಿಕೆಯಾದೀತು, ಇನ್ನು ಇಲ್ಲಿ ಏನೂ ಉಳಿದಿಲ್ಲ ಎಂದುಕೊಂಡಾಳು ಎಂಬುದು ಇವನ ಲೆಕ್ಕ. ಹಾಕಿದರೆ ಇದೇ ಕೊನೆಯ ಸಲ, ಹಾಕದಿದ್ದರೂ ಇದೇ ಕೊನೆಯ ಸಲ. ಎಲ್ಲರ ಹಳೆಯ ಲ್ಯಾಪ್‌ಟಾಪಿಗೂ ಆಯುಷ್ಯ ಕೊಡುವವನು ತನ್ನದಕ್ಕೆ ದಾರಿ ಕಾಣದೆ ಆ ಡಬ್ಬಿ ಹಿಡಿದುಕೊಂಡು ಕೂತಿದ್ದ. ಹುಡುಗನಾಗಿದ್ದಾಗ ಜ್ವರ ಬಂದರೆ ಹೀಗೇ ಕೂರುತ್ತಿದ್ದ.

ಚಳಿ ಶುರುವಾಗುವ ಹೊತ್ತಿಗೆ ಫೋನ್ ಬಂತು. "ಅಕ್ಕ, ಶನಿವಾರ ಬರ್ಲಾ?"

ಬಾ ಎಂದೆ. ಬೇರೇನು ಅನ್ನಲಿ?

ಬಂದಳು. ಚೀಲದಿಂದ ಇಟ್ಟಿಗೆ ತೆಗೆದು ಗಲ್ಲಾದ ಮೇಲಿಟ್ಟಳು. ಇವನು "ಏನಾಗಿದೆ?" ಅಂದ.

"ಇತ್ತೀಚೆಗೆ ಸ್ವಲ್ಪ... ಬಿಸಿಯಾಗುತ್ತೆ," ಎಂದು ಅವಳು ಶಾಲು ಸರಿಮಾಡಿಕೊಂಡಳು. ಸುಳ್ಳು ಹೇಳಲು ಬರದವರು ಬಟ್ಟೆ ಸರಿಮಾಡಿಕೊಳ್ಳುತ್ತಾರೆ. ಇಷ್ಟು ವರ್ಷ ನಾನು ಇದನ್ನು ಹೇಗೆ ನೋಡಲಿಲ್ಲವೋ.

ಇವನು ಒಳಗೆ ಒಯ್ದು ಬೋರಲು ಹಾಕಿ ಸ್ಕ್ರೂ ಬಿಚ್ಚಿದ. ಅವಳು ಸ್ಟೂಲಿನಿಂದ ನೋಡುತ್ತಿದ್ದಳು, ನಾನು ಇಬ್ಬರನ್ನೂ ನೋಡುತ್ತಿದ್ದೆ. ಹಿಂಬದಿ ತೆರೆಯಿತು. ಫ್ಯಾನು ತೊಳೆದಿಟ್ಟ ಹಾಗಿತ್ತು, ಒಂದು ಕಣ ಧೂಳಿಲ್ಲ. ಬಿಸಿಯಾಗುವುದಕ್ಕೆ ಅದು ಮೊದಲು ಓಡಬೇಕಲ್ಲ.

ಇವನು ಬ್ರಷ್ಷು ತೆಗೆದುಕೊಂಡ. ಧೂಳಿಲ್ಲದ ಆ ಫ್ಯಾನನ್ನು ಒರೆಸತೊಡಗಿದ. ಒಂದೊಂದೇ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ, ಎರಡೂ ಬದಿ, ಮೂಲೆ ಮೂಲೆ. ಏನೋ ಇದೆ ಎಂಬ ಹಾಗೆ ಆಗಾಗ ಊದಿದ.

ಅವಳ ಮುಖ ನಿಧಾನವಾಗಿ ಕೆಂಪೇರಿತು. ಇಲ್ಲದ ಧೂಳನ್ನು ಇವನು ಒರೆಸುತ್ತಿದ್ದಾನೆ ಎಂದು ಅವಳಿಗೆ ಕಂಡಿತು. ತನ್ನ ಸುಳ್ಳು ಇವನಿಗೆ ಗೊತ್ತು ಎಂದು ಗೊತ್ತಾಯಿತು. ಎಷ್ಟೋ ವರ್ಷದಿಂದ ಗೊತ್ತಿರಬೇಕು ಎಂಬುದೂ ಹೊಳೆದಿರಬೇಕು, ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಳು. ಪಕ್ಕದ ಅಂಗಡಿಯವನು ಬೀಗದ ಕೈ ಉಜ್ಜುವುದನ್ನು ನಿಲ್ಲಿಸಿದ್ದ, ಅವನಿಗೂ ನಮ್ಮ ಮೌನ ಕೇಳಿಸಿತೋ ಏನೋ.

ಯಾರಾದರೂ ಒಬ್ಬರು ಮಾತಾಡಿ ಎಂದು ನಾನು ಮನಸ್ಸಿನಲ್ಲೇ ಗೋಗರೆದೆ. ಬ್ರಷ್ಷು ಕೆಳಗಿಟ್ಟು ಇವನು ಡ್ರಾಯರ್ ಎಳೆದ. ಡಬ್ಬಿ ತೆಗೆದ. ಹಳೆಯ ಪ್ರೊಸೆಸರ್ ಎಬ್ಬಿಸಿ ಹೊಸದನ್ನು ಕೂರಿಸಿ, ಮೇಲೆ ಬಿಸಿ ಎಳೆಯುವ ಪೇಸ್ಟ್ ಹಚ್ಚಿ ಮುಚ್ಚಿದ. ಒಂದು ಸ್ಕ್ರೂ ಮಾತ್ರ ಕೂರಲೇ ಇಲ್ಲ. ಬಿಚ್ಚಿ ಮುಚ್ಚಿ ಅದರ ತೂತು ಸವೆದಿತ್ತು. ನನ್ನ ಹೊಲಿಗೆ ಡಬ್ಬಿಯಿಂದ ಒಂದೆಳೆ ದಾರ ಇಸಿದುಕೊಂಡು ಸ್ಕ್ರೂವಿಗೆ ಸುತ್ತಿ ಬಿಗಿ ಮಾಡಿದ.

ಗುಂಡಿ ಒತ್ತಿದ. ಹೊಚ್ಚ ಹೊಸದರ ಹಾಗೆ ಎದ್ದು ಕೂತಿತು, ದರಿದ್ರದ್ದು.

"ಇನ್ನು ತೊಂದರೆ ಇಲ್ಲ," ಅಂದ.

ಅವಳು ಗಲ್ಲಾದ ಹತ್ತಿರ ಬಂದು ನಿಂತಳು. "ಮುಂದಿನ ಸಲ ಇನ್ನೇನು ಹಾಕ್ಬೋದು ಇದಕ್ಕೆ?"

"ಇನ್ನೇನೂ ಇಲ್ಲ. ಇದರ ತಾಕತ್ತು ಇಷ್ಟೇ. ಎಲ್ಲಾ ಹಾಕಿಯಾಯ್ತು."

"ಹಾಗಾದ್ರೆ ಕೆಡಲ್ಲ."

"ಕೆಡಲ್ಲ."

ಅವಳು ತಲೆಯಾಡಿಸಿ ಅದನ್ನು ಚೀಲಕ್ಕೆ ಹಾಕಿಕೊಂಡಳು. ವಯರನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. "ಬರ್ತೀನಿ ಅಕ್ಕ" ಎಂದು ನನ್ನ ಭುಜ ಮುಟ್ಟಿದಳು. ಯಾವಾಗಲೂ ಮುಟ್ಟುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ನನ್ನ ನಾಲಿಗೆಯ ತುದಿಗೆ ಎಲ್ಲವೂ ಬಂದಿತ್ತು. ಆದರೆ ಎಕ್ಸ್‌ಚೇಂಜಿನಲ್ಲಿ ನಮಗೆ ಮೊದಲ ದಿನವೇ ಹೇಳಿಕೊಟ್ಟ ಒಂದು ನಿಯಮ ಇತ್ತು: ಲೈನ್ ಜೋಡಿಸಿ ಕೊಡುವುದಷ್ಟೇ ನಿಮ್ಮ ಕೆಲಸ, ನಡುವೆ ಬಾಯಿ ಹಾಕಬಾರದು. ಎಷ್ಟು ಜನರ ಮೌನ ಕೇಳಿಸಿಕೊಂಡಿದ್ದೇನೆ ನಾನು, ಒಂದು ಮಾತಾಡದೆ. ಆ ದಿನವೂ ತುಟಿ ಕಚ್ಚಿಕೊಂಡು ನಿಂತೆ. ಜೀವನದಲ್ಲಿ ಅಷ್ಟು ಕಷ್ಟದ ಡ್ಯೂಟಿ ಇನ್ನೊಂದು ಮಾಡಿಲ್ಲ.

ಅವಳು ಬಾಗಿಲಿನ ಹತ್ತಿರ ಹೋದಳು. ಇವನು ಮೇಜು ಬಿಟ್ಟು ಎದ್ದು ಬಂದಿದ್ದ. ಕೈಯಲ್ಲಿ ಇನ್ನೂ ಬ್ರಷ್ಷು.

"ಕೆಡದಿದ್ರೂ ತಗೊಂಡು ಬಾ," ಅಂದ.

ಅವಳು ನಿಂತಳು. ತಿರುಗಲಿಲ್ಲ. ರಸ್ತೆಯ ಕಡೆಯೇ ನೋಡುತ್ತ ಕೇಳಿದಳು: "ಇದನ್ನ ಹೊತ್ಕೊಂಡೇ ಬರ್ಬೇಕಾ?"

ಈಗ ಹೇಳೋ, ಬೇಡ ಅನ್ನೋ, ಬರೀ ನೀನು ಬಾ ಅನ್ನೋ, ಎಂದು ನಾನು ಒಳಗೊಳಗೇ ಕಿರುಚಿಕೊಂಡೆ. ಮಹಾರಾಯ ಯೋಚನೆ ಮಾಡುತ್ತಿದ್ದ. ಯಾವುದೋ ಬೋರ್ಡು ಏಕೆ ಓಡುತ್ತಿಲ್ಲ ಎಂದು ಯೋಚಿಸುವ ಹಾಗೆ ಹುಬ್ಬು ಗಂಟಿಕ್ಕಿ ನಿಂತಿದ್ದ.

"ಭಾರ ಆದ್ರೆ ಬೇಡ," ಅಂದ ಕೊನೆಗೆ.

ಅವಳು ತಿರುಗಿ ಬಂದಳು. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಗಲ್ಲಾದ ಮೇಲಿಟ್ಟಳು. ಮುಚ್ಚಳದ ಗೀರಿನ ಮೇಲೆ ಒಂದು ಸಲ ಕೈಯಾಡಿಸಿ, "ಭಾರಾನೇ," ಎಂದಳು. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟಳು.

ಅವಳು ಹೋದ ಮೇಲೆ ನಮ್ಮಿಬ್ಬರಿಗೆ ಶುರುವಾಯಿತು ನೋಡಿ.

"ಮತ್ತೆ ಬರ್ತೀನಿ ಅಂತ ಇಟ್ಟು ಹೋದಳು ಕಣೋ," ಎಂದು ನಾನು.

"ಇನ್ನು ಬೇಡ ಅಂತ ವಾಪಸ್ಸು ಕೊಟ್ಟು ಹೋದಳು ಅಕ್ಕ," ಎಂದು ಅವನು. "ಕೊನೇದೂ ಕೊಟ್ಟುಬಿಟ್ಟಳು."

"ಭಾರ ಆದ್ರೆ ಬೇಡ ಅಂದವನು ನೀನೇ ಅಲ್ವೇನೋ!"

"ನಾನು ಅದರ ಭಾರ ಹೇಳಿದ್ದು."

"ಅವಳೂ ಅದನ್ನೇ ಹೇಳಿದ್ದು!"

ಒಂದು ದಿನ ನನಗೆ ನನ್ನ ಮಾತೇ ಸರಿ ಅನ್ನಿಸುವುದು, ಮಾರನೆಯ ದಿನ ಅವನದೇ ಸರಿ ಅನ್ನಿಸಿ ಊಟ ಸೇರದಿರುವುದು. ಒಬ್ಬರು ನಮ್ಮ ಬಳಿ ತಮ್ಮ ವಸ್ತು ಬಿಟ್ಟು ಹೋದರೆ, ಅದನ್ನು ಹೇಗೆ ಬೇಕಾದರೂ ತಿಳಿದುಕೊಳ್ಳಬಹುದು. ನಾನು ಫೋನ್ ಎತ್ತಿ ಅವಳ ನಂಬರಿನ ಅರ್ಧ ಒತ್ತಿ ಇಟ್ಟುಬಿಟ್ಟದ್ದಕ್ಕೆ ಲೆಕ್ಕವಿಲ್ಲ. ಫೋ​ನ್ ಬಂದಾಗಲೆಲ್ಲ ಮೇಜಿನ ಹತ್ತಿರ ಸ್ಕ್ರೂ ತಿರುಗುವುದು ನಿಲ್ಲುತ್ತಿತ್ತು. ಯಾರದೋ ಚಾರ್ಜರ್, ಯಾರದೋ ಸ್ಕ್ರೀನು. "ಅವಳಲ್ಲ" ಎಂದು ನಾನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಸ್ಕ್ರೂ ತಾನೇ ಮತ್ತೆ ತಿರುಗತೊಡಗುತ್ತಿತ್ತು.

ಶನಿವಾರಗಳು ಬಂದವು, ಹೋದವು. ಇವನು ಪ್ರತಿ ಶನಿವಾರ ಗಡ್ಡ ಬೋಳಿಸಿಕೊಂಡ, ಆಮೇಲೆ ಒಂದು ಶನಿವಾರ ಬಿಟ್ಟ, ಆಮೇಲೆ ಪೂರ್ತಿ ಬಿಟ್ಟುಬಿಟ್ಟ. ಅವಳ ಸ್ಟೂಲಿನ ಮೇಲೆ ಯಾರೋ ಗಿರಾಕಿ ಕೂತರೆ ಸುಮ್ಮಸುಮ್ಮನೆ ಸಿಡಿಮಿಡಿಗೊಂಡು, ನಿಮಗೆ ಇನ್ನೂ ತಡ ಆಗುತ್ತದೆ, ನಾಳೆ ಬನ್ನಿ ಎಂದು ಎಬ್ಬಿಸಿಬಿಡುತ್ತಿದ್ದೆ.

ಲ್ಯಾಪ್‌ಟಾಪನ್ನು ಮೊದಲು ಇವನು ಕಪಾಟಿನ ಮೇಲ್ತಟ್ಟಿನಲ್ಲಿ ಬಟ್ಟೆ ಹೊದಿಸಿ ಇಟ್ಟಿದ್ದ. ಒಂದು ಬೆಳಿಗ್ಗೆ ನಾನೇ ಕುರ್ಚಿ ಹಾಕಿ ಹತ್ತಿ ಕೆಳಗಿಳಿಸಿದೆ. "ಇಷ್ಟೆಲ್ಲ ಹಾಕಿದ್ದೀಯ, ಯಾಕೆ ಸುಮ್ನೆ ಮಲಗಿಸಿಟ್ಟಿದ್ದೀಯ? ಓಡ್ಲಿ," ಎಂದು ಗಲ್ಲಾದ ಮೇಲೆ ತೆರೆದೆ. ಅಂದಿನಿಂದ ಅಂಗಡಿಯ ರಸೀದಿಯೆಲ್ಲ ಅದರಲ್ಲೇ. ಎಷ್ಟು ಚುರುಕಾಗಿತ್ತು ಎಂದರೆ ನನ್ನ ಬೆರಳೇ ಹಿಂದೆ ಬೀಳುತ್ತಿತ್ತು. ಬಂದವರಲ್ಲಿ ಕೆಲವರು, ಇದು ಮಾರಾಟಕ್ಕಿದೆಯೇ, ಹಳೆಯದಾದರೂ ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಕೇಳಿದರು. "ಇಲ್ಲ, ಇದರವರು ಬರ್ತಾರೆ," ಎನ್ನುತ್ತಿದ್ದೆ. ಮೇಜಿನ ಕಡೆಗೆ ಕೇಳಿಸುವ ಹಾಗೆಯೇ ಎನ್ನುತ್ತಿದ್ದೆ. ತಿಂಗಳುಗಳು ಕಳೆದ ಹಾಗೆ ಅಷ್ಟು ಜೋರಾಗಿ ಹೇಳುವ ಧೈರ್ಯ ನನಗೂ ಕಮ್ಮಿಯಾಯಿತು.

ಚಳಿ ಮುಗಿದು ಸೆಖೆ ಬಂತು. ಗಲ್ಲಾದ ಮೇಲಿನ ಲ್ಯಾಪ್‌ಟಾಪು ಈಗ ನಿಜವಾಗಿಯೂ ಬಿಸಿಯಾಗತೊಡಗಿತು. ಒಂದು ಸಂಜೆ ಇವನು ಹಿಂಬದಿ ಬಿಚ್ಚಿ ನೋಡಿ, ನನ್ನನ್ನು ಕರೆದು ತೋರಿಸಿದ. ಫ್ಯಾನಿನ ಬಾಯಲ್ಲಿ ತೆಳ್ಳಗೆ ಧೂಳು ಕೂತಿತ್ತು.

"ಒರೆಸ್ತೀಯಾ?"

"ಇರ್ಲಿ," ಎಂದು ಹಾಗೇ ಮುಚ್ಚಿದ.

ಆಮೇಲೆ ಒಂದು ದಿನ. ಶನಿವಾರವಲ್ಲ, ಭಾನುವಾರವಲ್ಲ, ವಾರದ ನಡುವಿನ ಯಾವುದೋ ಬಡಪಾಯಿ ದಿನ. ಫೋನ್ ಬಂದಿರಲಿಲ್ಲ. ಇವನು ಮಾಸಿದ ಅಂಗಿಯಲ್ಲಿ, ಬೆಳೆದ ಗಡ್ಡದಲ್ಲಿ ಮೇಜಿಗೆ ಮುಖ ಹಾಕಿ ಕೂತಿದ್ದ. ನಾನು ರಸೀದಿ ಮಾಡುತ್ತಿದ್ದೆ. ಬಾಗಿಲಿನಲ್ಲಿ ನೆರಳು ಬಿತ್ತು, ಉದ್ದನೆಯ, ನೆಟ್ಟನೆಯ ನೆರಳು. ತಲೆ ಎತ್ತಿ ನೋಡಿದೆ. ನನ್ನ ಬಾಯಿಂದ ಸದ್ದು ಹೊರಡುವ ಮೊದಲೇ ಅವಳು ತುಟಿಯ ಮೇಲೆ ಬೆರಳಿಟ್ಟಳು.

ಕೈ ಬೀಸಿಕೊಂಡು ಬಂದಿದ್ದಳು. ಚೀಲವೂ ಇಲ್ಲ.

ಹೆಜ್ಜೆ ಸದ್ದಿಗೆ ಇವನು ಎಂದಿನ ಹಾಗೆ ತಲೆ ಎತ್ತದೆಯೇ ಕೇಳಿದ: "ಏನಾಗಿದೆ?"

ಇವನ ಕಣ್ಣು ಗಿರಾಕಿಯ ಕೈ ಹುಡುಕಿತು, ಕೈಯಲ್ಲಿ ಲ್ಯಾಪ್‌ಟಾಪ್ ಹುಡುಕಿತು. ಎರಡು ಖಾಲಿ ಕೈ ಕಂಡವು. ಆ ಕೈಗಳನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ನಿಧಾನವಾಗಿ ಮೇಲಕ್ಕೆ, ಮುಖದ ತನಕ.

"ಏನೂ ಆಗಿಲ್ಲ," ಅಂದಳು ಅವಳು. "ಚೆನ್ನಾಗಿದೀನಿ."

ಇವನ ಕೈಯಲ್ಲಿ ಚಿಮಟ ಇತ್ತು. ಚಿಮಟದ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ವಯರು, ಅರ್ಧ ಬೆಸುಗೆಯಾದದ್ದು. ಇವನು ಬಿಟ್ಟುಬಿಟ್ಟ. ಚಿಮಟ ಮೇಜಿನ ಮೇಲೆ ಬಿತ್ತು, ವಯರು ಎಲ್ಲಿ ಹಾರಿತೋ, ಇವನು ಎದ್ದು ಅವಳ ಎದುರಿಗೆ ಬಂದು ನಿಂತ.

ಆ ವಯರನ್ನು ಮಾರನೆಯ ದಿನ ನಾನೂ ಸ್ಕೇಲೂ ನೆಲದ ಮೇಲೆ ಬಾಗಿ ಕೂತು ಹುಡುಕಿದೆವು.